ಹಳೆಯ ಕಂಪ್ಯೂಟರಿನಲ್ಲಿ ನೋಡಿ, ಹಣ ಬೇರೆಡೆ ಕೊಡಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿತು. ಮರುದಿನ ಬೆಳಿಗ್ಗೆ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಎಂದಿನಂತೆ ಇಮೇಲ್ ತೆರೆಯಿತು, ಹಾಡು ಕೇಳಿಸಿತು, ಆನ್‌ಲೈನ್ ಅಂಗಡಿಗಳಲ್ಲಿ ಸೀರೆ, ಮಿಕ್ಸಿ, ಪುಸ್ತಕ ಎಲ್ಲವೂ ಕಂಡವು. ಎಲ್ಲ ಸರಿಯಾಗಿಯೇ ಇದೆ ಎಂದು ಹೀಗೆ ಅನ್ನಿಸುವುದರಿಂದಲೇ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ.

ಹೊಸ ಕಂಪ್ಯೂಟರ್ ತಗೊಳ್ಳಿ ಎಂದು ಹೇಳಿ ಮುಗಿಸಿಬಿಡಬಹುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಊರುಗಳಲ್ಲಿ ಹಳೆಯ ಡೆಸ್ಕ್‌ಟಾಪ್ ಬಳಸುವವರು ಯಾರು ಎಂದು ನೋಡಿದರೆ, ಫೋನಿನ ಸಣ್ಣ ಅಕ್ಷರ ಕಾಣದ ನಿವೃತ್ತರು, ಮಗನೋ ಮಗಳೋ ಕೆಲಸ ಸಿಕ್ಕಿ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್ ಹಿಡಿದ ತಾಯಂದಿರು, ಸಣ್ಣ ಅಂಗಡಿಯವರು, ಡಿಟಿಪಿ ಮಾಡುವವರು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಕಡತಗಳಿಗಾಗಿ ಹಳೆಯ ವಿಂಡೋಸನ್ನು ಬಿಡದೆ ಉಳಿಸಿಕೊಂಡವರೂ ಇದ್ದಾರೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಯಂತ್ರಗಳಿಗೆ ಮುಂದಿನ ಬಾಗಿಲು ಮುಚ್ಚಿತು. ಇದರಲ್ಲಿ ಬಳಸುವವರ ತಪ್ಪೇನೂ ಇಲ್ಲ.

ಅಪ್‌ಡೇಟ್ ನಿಂತರೆ ಆಗುವುದೇನು? ಮಲೆನಾಡಿನ ಹೆಂಚಿನ ಮನೆಯನ್ನು ನೆನೆಯಿರಿ. ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಒಡೆದ ಹೆಂಚು ಬದಲಿಸಬೇಕು. ಒಂದು ವರ್ಷ ಹತ್ತದಿದ್ದರೆ ಮನೆ ಬೀಳುವುದಿಲ್ಲ, ಆದರೆ ನೀರು ಎಲ್ಲಿಂದ ಒಳಗೆ ಬರುತ್ತದೆಂದು ಹೇಳಲಾಗದು. ಸಾಫ್ಟ್‌ವೇರ್‌ನಲ್ಲಿ ಇದಕ್ಕಿಂತ ಕೆಟ್ಟ ಸಂಗತಿಯೊಂದಿದೆ. ಹೊಸ ಆವೃತ್ತಿಗೆ ಅಪ್‌ಡೇಟ್ ಹೊರಬಂದಾಗ ಕಳ್ಳರೂ ಅದನ್ನು ಇಳಿಸಿಕೊಂಡು, ಯಾವ ಸಾಲು ಬದಲಾಗಿದೆ ಎಂದು ಹೋಲಿಸಿ ನೋಡುತ್ತಾರೆ. ಮುಚ್ಚಿದ ತೂತು ಯಾವುದೆಂದು ಅದರಿಂದ ಗೊತ್ತಾಗುತ್ತದೆ. ಅದೇ ತೂತು ಹಳೆಯ ಆವೃತ್ತಿಯಲ್ಲೂ ಇದ್ದರೆ ಅಲ್ಲಿ ಅದನ್ನು ಮುಚ್ಚುವವರು ಯಾರೂ ಇಲ್ಲ.

ಮುಚ್ಚದೆ ಬಿಟ್ಟ ತೂತಿನಿಂದ ಏನಾಗುತ್ತದೆಂದು 2017ರಲ್ಲಿ ಕಂಡಿತು. ವಿಂಡೋಸ್‌ನ ಒಂದು ದೊಡ್ಡ ದೋಷಕ್ಕೆ ಆ ವರ್ಷದ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತ್ತು. ಮೇ 12ರಂದು ವಾನಾಕ್ರೈ ಎಂಬ ವೈರಸ್ ಅದೇ ದೋಷದ ಮೂಲಕ ಜಗತ್ತಿನಾದ್ಯಂತ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ತೇಪೆ ಹಾಕದ ವಿಂಡೋಸ್ 7 ಯಂತ್ರಗಳು. ಆ ಹೊತ್ತಿಗೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಇನ್ನೂ ಸಿಗುತ್ತಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಈಗ ಹಾಕಿಕೊಳ್ಳುತ್ತೇನೆಂದರೂ ಸಾಮಾನ್ಯರಿಗೆ ಸಿಗುವುದಿಲ್ಲ: ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, 8.1ರದು 2023ರ ಜನವರಿ 10ಕ್ಕೆ ಮುಗಿಯಿತು. ಎಕ್ಸ್‌ಪಿಯದು 2014ರಲ್ಲೇ ಮುಗಿದ ಕತೆ.

ವಿಂಡೋಸ್ 10 ಇರುವವರಿಗೆ ಸ್ವಲ್ಪ ಉಸಿರಾಡುವ ಅವಕಾಶ ಸಿಕ್ಕಿತು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಅದಕ್ಕೆ ಹಣ ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ಎನ್‌ರೋಲ್ ಎಂಬ ಗುಂಡಿ ಅಲ್ಲೇ ಇರುತ್ತದೆ. ಇಂಥ ಉಪಕಾರವನ್ನು ಬಳಸಿಕೊಳ್ಳದೆ ಬಿಡುವುದು ನಷ್ಟ.

ಆಪರೇಟಿಂಗ್ ಸಿಸ್ಟಂ ಹೀಗಾಯಿತು, ಇನ್ನು ಬ್ರೌಸರ್. ಅಂಗಡಿಯ ಪುಟಗಳನ್ನು ನಿಜವಾಗಿ ತೆರೆಯುವುದು ಅದು, ಹೊರಗಿನ ಜಾಹೀರಾತು ಮತ್ತು ಕೋಡ್ ಮೊದಲು ಬಂದು ಮುಟ್ಟುವುದೂ ಅದನ್ನೇ. ವಿಂಡೋಸ್ 7, 8, 8.1ರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯ ಆವೃತ್ತಿ, 2023ರ ಜನವರಿಯದು. ಫೈರ್‌ಫಾಕ್ಸ್ ತನ್ನ 115ನೆಯ ವಿಸ್ತೃತ ಬೆಂಬಲದ ಆವೃತ್ತಿಯನ್ನು ಈ ಹಳೆಯ ವಿಂಡೋಸ್‌ಗಳಿಗಾಗಿ ಇನ್ನಷ್ಟು ಕಾಲ ಕಾಪಾಡಿಕೊಂಡು ಬಂತು. ವಿಂಡೋಸ್ 10ರಲ್ಲಿ ಸಿಸ್ಟಂಗೆ ಅಪ್‌ಡೇಟ್ ನಿಂತ ಮೇಲೂ ಹೊಸ ಕ್ರೋಮ್, ಹೊಸ ಫೈರ್‌ಫಾಕ್ಸ್ ಸಿಗುತ್ತಿವೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಇದು: ಬ್ರೌಸರ್‌ನ ಮೆನುವಿನಲ್ಲಿ ಹೆಲ್ಪ್, ಅದರಲ್ಲಿ ಅಬೌಟ್ ಒತ್ತಿ. ಆವೃತ್ತಿಯ ಸಂಖ್ಯೆ ಕಾಣುತ್ತದೆ, ಹೊಸದಿದ್ದರೆ ತಾನೇ ಇಳಿಸಿಕೊಳ್ಳುತ್ತದೆ. ಈ ಕಂಪ್ಯೂಟರ್‌ಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ ಎಂದು ಅಲ್ಲಿ ಬರೆದಿದ್ದರೆ, ಆ ಯಂತ್ರದಲ್ಲಿ ಕಾರ್ಡ್ ಸಂಖ್ಯೆ ಟೈಪ್ ಮಾಡುವ ಕಾಲ ಮುಗಿಯಿತು. ಆಂಟಿವೈರಸ್ ಇದೆಯಲ್ಲ ಎನ್ನುವವರಿದ್ದಾರೆ. ಇರಲಿ, ಒಳ್ಳೆಯದೇ. ಆದರೆ ಅದು ಗೊತ್ತಿರುವ ಕಳ್ಳನನ್ನು ಹಿಡಿಯಲು ಪ್ರಯತ್ನಿಸುತ್ತದೆ, ಅಷ್ಟೆ. ವಿಂಡೋಸ್‌ನ ಒಳಗಿನ ತೂತನ್ನು ಮುಚ್ಚಲು ಅದರ ಕೈಲಾಗದು.

ಹಳೆಯ ಯಂತ್ರಗಳಿಗೇ ವಿಶೇಷವಾದ ಒಂದು ಕಾಯಿಲೆಯ ಬಗ್ಗೆ ಯಾರೂ ಹೇಳುವುದಿಲ್ಲ, ಅದನ್ನು ಹೇಳಲೇಬೇಕು. ಮದರ್‌ಬೋರ್ಡ್ ಮೇಲೆ ಗುಂಡನೆಯ ಚಪ್ಪಟೆ ಸೆಲ್ ಒಂದಿರುತ್ತದೆ, ಸಿಆರ್ 2032 ಎಂದು ಅದರ ಮೇಲೆ ಬರೆದಿರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷಗಳಾದ ಮೇಲೆ ಅದು ಮುಗಿದುಹೋಗುತ್ತದೆ. ಆಮೇಲೆ ಪ್ರತಿಸಲ ಸ್ವಿಚ್ ಆರಿಸಿ ಹಾಕಿದಾಗಲೂ ಕಂಪ್ಯೂಟರ್‌ನ ತಾರೀಖು ಹತ್ತಾರು ವರ್ಷ ಹಿಂದಕ್ಕೆ, ಯಾವುದೋ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಇದಕ್ಕೂ ಖರೀದಿಗೂ ಏನು ಸಂಬಂಧ ಅನ್ನಿಸಬಹುದು. ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ, ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಸಿಂಧು. ನಿಮ್ಮ ಗಡಿಯಾರ 2010 ಎನ್ನುತ್ತಿದ್ದರೆ ಬ್ರೌಸರ್‌ಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಪುಟದ ಬದಲು ಬ್ರೌಸರ್‌ನ ಎಚ್ಚರಿಕೆ ಕಾಣಿಸುತ್ತದೆ. ಬ್ಯಾಂಕಿನ ತಾಣಕ್ಕೂ ಅದೇ, ಪತ್ರಿಕೆಯ ತಾಣಕ್ಕೂ ಅದೇ. ದಿನವೂ ನೋಡಿ ನೋಡಿ ಬೇಸತ್ತವರು, ಬ್ರೌಸರ್ ಬಿಟ್ಟ ಕಡೆಯಲ್ಲೆಲ್ಲ ಅಡ್ವಾನ್ಸ್ಡ್ ಒತ್ತಿ, ಆದರೂ ಮುಂದುವರಿಸು ಎಂದು ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಅಪಾಯ ಇರುವುದು ಆ ರೂಢಿಯಲ್ಲಿ. ಒಂದು ದಿನ ನಿಜವಾಗಿಯೂ ಯಾರೋ ನಡುವೆ ಕೂತು ನಿಮ್ಮನ್ನು ನಕಲಿ ಪುಟಕ್ಕೆ ತಿರುಗಿಸಿದಾಗ ಬರುವುದೂ ಇಂಥದೇ ಎಚ್ಚರಿಕೆ. ಬೆರಳು ಆಗಲೂ ಮುಂದುವರಿಸು ಎಂದೇ ಒತ್ತುತ್ತದೆ. ಸೆಲ್ಲಿಗೆ ನೂರು ರೂಪಾಯಿಯೂ ಬೇಡ, ಹತ್ತಿರದ ರಿಪೇರಿಯವರು ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಗಡಿಯಾರ ಸರಿಯಿದ್ದೂ ಎಚ್ಚರಿಕೆ ಬಂದರೆ ಆ ಪುಟವನ್ನು ಮುಚ್ಚಿಬಿಡಿ, ಅಲ್ಲಿ ಏನನ್ನೂ ಕೊಳ್ಳಬೇಡಿ.

ಇದರ ಜೊತೆಗೇ ಬೀಗದ ಚಿತ್ರದ ಮಾತು. ವಿಳಾಸದ ಪಕ್ಕ ಬೀಗ ಇದ್ದರೆ ಸುರಕ್ಷಿತ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಡಲಾಯಿತು. ನಿಮ್ಮ ಕಂಪ್ಯೂಟರ್‌ಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಓದಲಾಗದು ಎಂಬುದಷ್ಟೇ ಆ ಬೀಗದ ಭರವಸೆ. ಆಚೆ ಕಡೆ ಕೂತ ಅಂಗಡಿಯವನೇ ಮೋಸಗಾರನಾದರೆ? ಮೋಸದ ತಾಣಗಳಿಗೂ ಪ್ರಮಾಣಪತ್ರ ಪುಕ್ಕಟೆಯಾಗಿ ಸಿಗುತ್ತದೆ. ಈ ತಪ್ಪು ನಂಬಿಕೆ ಬೇಡವೆಂದೇ 2023ರಲ್ಲಿ ಕ್ರೋಮ್ ಬೀಗದ ಚಿತ್ರವನ್ನು ತೆಗೆದುಹಾಕಿತು.

ಹಾಗಾದರೆ ಹಳೆಯ ಕಂಪ್ಯೂಟರ್ ಇರುವವರು ಆನ್‌ಲೈನ್‌ನಲ್ಲಿ ಕೊಳ್ಳಲೇಬಾರದೇ? ಕೊಳ್ಳಬಹುದು. ನೋಡುವ ಕೆಲಸವನ್ನೂ ಹಣ ಕೊಡುವ ಕೆಲಸವನ್ನೂ ಬೇರೆ ಮಾಡಬೇಕು, ನನ್ನ ಮಾತಿನ ಸಾರ ಇಷ್ಟೇ. ದೊಡ್ಡ ಪರದೆಯಲ್ಲಿ ಸೀರೆಯ ಅಂಚು, ಫ್ರಿಜ್‌ನ ಅಳತೆ, ಕೊಂಡವರ ಅಭಿಪ್ರಾಯ ಎಲ್ಲ ನಿಧಾನವಾಗಿ ನೋಡಿ. ಕಾರ್ಟ್‌ಗೆ ಹಾಕಿ. ದೊಡ್ಡ ಅಂಗಡಿಗಳಲ್ಲಿ ಕಾರ್ಟ್ ನಿಮ್ಮ ಖಾತೆಗೆ ಸೇರಿದ್ದು, ಕಂಪ್ಯೂಟರ್‌ಗಲ್ಲ. ಅಪ್‌ಡೇಟ್ ಆಗುತ್ತಿರುವ ಫೋನಿನಲ್ಲಿ ಅದೇ ಅಂಗಡಿಯ ಆ್ಯಪ್ ತೆರೆದರೆ ಅದೇ ವಸ್ತುಗಳು ಕಾದಿರುತ್ತವೆ, ಹಣವನ್ನು ಅಲ್ಲಿ ಕೊಡಿ. ಫೋನಿನ ಪರದೆ ಸಣ್ಣದೆನ್ನುವವರಿಗೆ ಇನ್ನೂ ಸುಲಭದ ದಾರಿ ಯುಪಿಐ. ಹಲವು ತಾಣಗಳು ಪಾವತಿಯ ಹೊತ್ತಿಗೆ ಕಂಪ್ಯೂಟರ್ ಪರದೆಯ ಮೇಲೆ ಕ್ಯುಆರ್ ಕೋಡ್ ತೋರಿಸುತ್ತವೆ. ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿ, ಬಂದ ಹೆಸರು ಮತ್ತು ಮೊತ್ತ ಸರಿಯಿದೆಯೇ ನೋಡಿ, ಪಿನ್ ಹಾಕಿದರೆ ಮುಗಿಯಿತು. ಕಂಪ್ಯೂಟರ್‌ನಲ್ಲಿ ಅಕ್ಷರ ಕದಿಯುವ ಕೀಲಾಗರ್ ಅಡಗಿ ಕೂತಿದ್ದರೂ ಅದಕ್ಕೆ ನಿಮ್ಮ ಕಾರ್ಡ್ ಸಂಖ್ಯೆ, ಸಿವಿವಿ, ಪಿನ್ ಯಾವುದೂ ಸಿಗುವುದಿಲ್ಲ, ಏಕೆಂದರೆ ಅವು ಆ ಕೀಬೋರ್ಡನ್ನು ಮುಟ್ಟಲೇ ಇಲ್ಲ. ಜಗತ್ತಿನ ಬಹಳ ಕಡೆ ಇಲ್ಲದ ಈ ಅನುಕೂಲ ನಮ್ಮಲ್ಲಿದೆ.

ಫೋನೂ ಹಳೆಯದಾಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು ಇರುತ್ತದೆ. ಅದು ಎರಡು ಮೂರು ವರ್ಷ ಹಿಂದಿನದಾದರೆ ಆ ಫೋನೂ ಹಳೆಯ ಕಂಪ್ಯೂಟರ್‌ನ ಸಾಲಿಗೇ ಸೇರಿತು. ಆಗ ಕ್ಯಾಶ್ ಆನ್ ಡೆಲಿವರಿ ಉತ್ತಮ. ಏನು ತರಿಸಿದ್ದೇವೆ, ಎಷ್ಟು ಕೊಡಬೇಕು ಎಂದು ಮನೆಯಲ್ಲಿರುವ ಎಲ್ಲರಿಗೂ ಹೇಳಿಟ್ಟಿರಬೇಕು, ಯಾಕೆಂದರೆ ತರಿಸದ ಪೊಟ್ಟಣ ತಂದು ಹಣ ಕೇಳುವವರೂ ಬರುತ್ತಾರೆ.

ನೋಡುವ ಯಂತ್ರ ಬೇರೆ, ಹಣ ಕೊಡುವ ಯಂತ್ರ ಬೇರೆ ಎಂಬ ಈ ಬೇರ್ಪಡಿಕೆಯನ್ನು ನಾವೇ ಕೆಡಿಸಿಕೊಳ್ಳುವ ಒಂದು ದಾರಿಯಿದೆ. ಫೋನಿನ ಎಸ್‌ಎಂಎಸ್‌ಗಳನ್ನು ಕಂಪ್ಯೂಟರ್‌ನಲ್ಲಿ ಓದಲು ಅನುಕೂಲವೆಂದು ಮೆಸೇಜಸ್ ವೆಬ್ ಜೋಡಿಸಿಟ್ಟಿರುತ್ತೇವೆ. ಹಾಗೆ ಮಾಡಿದರೆ ಪಾಸ್‌ವರ್ಡೂ ಓಟಿಪಿಯೂ ಒಂದೇ ಯಂತ್ರದಲ್ಲಿ ಕೂತಂತಾಯಿತು. ಹಳೆಯ ಕಂಪ್ಯೂಟರ್‌ನಿಂದ ಅದನ್ನು ಲಾಗ್ಔಟ್ ಮಾಡಿ.

ಓಟಿಪಿ ಇಲ್ಲದೆ ಕಾರ್ಡ್ ಸಂಖ್ಯೆಯಿಂದ ಏನು ಮಾಡಿಯಾರು ಎಂದು ಕೇಳುವವರಿಗೆ ಉತ್ತರ ಹೇಳಬೇಕು. ಕಾರ್ಡ್‌ನಿಂದ ಆನ್‌ಲೈನ್ ಖರೀದಿಗೆ ಎರಡನೆಯ ದೃಢೀಕರಣ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರಿಂದಲೇ ನಿಯಮ ಮಾಡಿದ್ದು ದೇಶದೊಳಗಿನ ವ್ಯವಹಾರಕ್ಕೆ. ವಿದೇಶದ ಎಷ್ಟೋ ತಾಣಗಳಲ್ಲಿ ಸಂಖ್ಯೆ, ಅವಧಿ, ಸಿವಿವಿ ಕೊಟ್ಟರೆ ಸಾಕು, ಓಟಿಪಿ ಕೇಳದೆಯೇ ಹಣ ಹೋಗುತ್ತದೆ. ಕದ್ದ ಕಾರ್ಡ್ ಸಂಖ್ಯೆಗಳನ್ನು ಬಳಸುವುದು ಅಂಥ ಕಡೆಗಳಲ್ಲಿಯೇ. ಇದಕ್ಕೆ ಮದ್ದು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೇ ಇದೆ. 2020ರ ರಿಸರ್ವ್ ಬ್ಯಾಂಕ್ ಆದೇಶದ ಪ್ರಕಾರ ಅಂತರರಾಷ್ಟ್ರೀಯ ಬಳಕೆ, ಆನ್‌ಲೈನ್ ಬಳಕೆ ಇವನ್ನು ಗ್ರಾಹಕರೇ ಆನ್ ಅಥವಾ ಆಫ್ ಮಾಡುವ, ಮಿತಿ ಹಾಕುವ ಸೌಲಭ್ಯವನ್ನು ಬ್ಯಾಂಕ್ ಕೊಡಲೇಬೇಕು. ಹೊರದೇಶದ ಬಳಕೆಯನ್ನು ಇವತ್ತೇ ಆಫ್ ಮಾಡಿ. ಆನ್‌ಲೈನ್ ಬಳಕೆಯನ್ನು ಕೊಳ್ಳುವ ದಿನ ಮಾತ್ರ ಆನ್ ಮಾಡಿ. ಪಿಂಚಣಿ ಬರುವ ಖಾತೆಯನ್ನು ಖರೀದಿಗೆ ಬಳಸದೆ, ಎರಡು ಮೂರು ಸಾವಿರ ಮಾತ್ರ ಇಟ್ಟ ಬೇರೆ ಖಾತೆಯನ್ನು ಯುಪಿಐಗೆ ಜೋಡಿಸುವುದು ಇನ್ನೂ ಒಳ್ಳೆಯ ಅಭ್ಯಾಸ.

ಕಾರ್ಡ್ ಸೇವ್ ಮಾಡುವ ವಿಷಯದಲ್ಲಿ ಎರಡು ಬೇರೆ ಸಂಗತಿಗಳನ್ನು ಜನ ಒಂದೆಂದು ತಿಳಿಯುತ್ತಾರೆ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಆ ಅಂಗಡಿಗೆ ಮಾತ್ರ ಸಲ್ಲುವ ಟೋಕನ್ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಒಮ್ಮೆ ಹೀಗೆ ಟೋಕನ್ ಮಾಡಿಸಿದರೆ ಮತ್ತೆ ಮತ್ತೆ ಸಂಖ್ಯೆ ಟೈಪ್ ಮಾಡುವ ಪ್ರಮೇಯವೇ ಬರುವುದಿಲ್ಲ, ಅದು ಒಳ್ಳೆಯದು. ಬ್ರೌಸರ್ ಮೇಲಿನ ಮೂಲೆಯಲ್ಲಿ ‘ಉಳಿಸಲೇ?’ ಎಂದು ಕೇಳುವುದು ಬೇರೆ. ಅದಕ್ಕೆ ಹೂಂ ಎಂದರೆ ಆ ವಿವರ ನಿಮ್ಮ ಕಂಪ್ಯೂಟರ್‌ನಲ್ಲೇ ಕೂರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕಾರ್ಡ್, ಲಾಗಿನ್ ಗುರುತುಗಳನ್ನು ಗೋರಿಕೊಂಡು ಹೋಗಲೆಂದೇ ಬರೆದ ಕುತಂತ್ರಾಂಶಗಳಿವೆ. ಹಳೆಯ ಯಂತ್ರದ ಬ್ರೌಸರ್‌ನಲ್ಲಿ ಉಳಿಸಿರುವುದೆಲ್ಲವನ್ನೂ ಅಳಿಸಿ. ಮುಖ್ಯವಾಗಿ ಇಮೇಲ್. ಅಂಗಡಿಯ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಇಮೇಲ್‌ಗೆ ತಾನೆ? ಹಾಗಾಗಿ ಇಮೇಲ್ ಹೋದರೆ ಅದರ ಹಿಂದೆ ಎಲ್ಲವೂ ಹೋಗುತ್ತದೆ. ಇಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ, ಕೆಲಸ ಮುಗಿದೊಡನೆ ಲಾಗ್ಔಟ್ ಮಾಡಿ.

ಇನ್ನು ಯಂತ್ರ ಹಳೆಯದಿರಲಿ ಹೊಸದಿರಲಿ, ಎದುರಾಗುವ ಮೋಸಗಳು. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಬರುವುದು ಹಲವು ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು, ಅದು ನಿಜವಾದ ಅಂಗಡಿಯದೇ ಆಗಿರಬೇಕೆಂದಿಲ್ಲ. ವಿಳಾಸವನ್ನು ಓದುವ ಕ್ರಮವೊಂದಿದೆ: ಆರಂಭದ https:// ಬಿಟ್ಟು ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಬನ್ನಿ. ಡಾಟ್ ಇನ್, ಡಾಟ್ ಕಾಮ್‌ನಂಥ ಕೊನೆಯ ಭಾಗಕ್ಕೆ ತಾಗಿಕೊಂಡು ಎಡಗಡೆ ಇರುವ ಹೆಸರು ಯಾವುದೋ ಅದೇ ಯಜಮಾನ. ಗೊತ್ತಿರುವ ಅಂಗಡಿಯ ಹೆಸರು ಅದಕ್ಕೂ ಎಡಕ್ಕೆ ಎಷ್ಟು ಸಲ ಬಂದಿದ್ದರೂ ಲೆಕ್ಕಕ್ಕಿಲ್ಲ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸುಲಭ ಮಾಡಿದೆ. 2025ರ ಅಕ್ಟೋಬರ್ ಕೊನೆಯೊಳಗೆ ಎಲ್ಲ ಬ್ಯಾಂಕ್‌ಗಳೂ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಹೇಳಿತ್ತು. ಹೊಸ ಅಂಗಡಿಯಾದರೆ ಪುಟದ ಕೆಳಗೆ ಕಂಪನಿಯ ಪೂರ್ತಿ ಹೆಸರು, ವಿಳಾಸ, ದೂರು ಅಧಿಕಾರಿಯ ಹೆಸರು ಇದೆಯೇ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇವು ಇರಲೇಬೇಕು. ಇಲ್ಲದ ಕಡೆ ಎಂಥ ರಿಯಾಯಿತಿ ಇದ್ದರೂ ಕೊಳ್ಳಬೇಡಿ.

‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಇಡೀ ಪರದೆ ತುಂಬಿ ಕಿರುಚುವ ಪುಟವನ್ನು ಹಳೆಯ ಕಂಪ್ಯೂಟರ್‌ನವರು ಹೆಚ್ಚು ನಂಬುತ್ತಾರೆ, ಏಕೆಂದರೆ ಯಂತ್ರ ಮೊದಲೇ ನಿಧಾನವಾಗಿದೆ, ಏನೋ ಆಗಿದೆ ಎಂಬ ಅನುಮಾನ ಮನಸ್ಸಿನಲ್ಲಿದೆ. ಕರೆ ಮಾಡಿದರೆ ಆಚೆಯವರು ತುಂಬಾ ವಿನಯದಿಂದ ಮಾತಾಡಿ, ದೂರದಿಂದಲೇ ಸರಿಮಾಡುತ್ತೇವೆಂದು ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ. ಅಂಗಡಿಯ ಗ್ರಾಹಕ ಸೇವೆ ಎಂದು ಹುಡುಕಿದಾಗ ಸಿಗುವ ನಕಲಿ ನಂಬರ್‌ಗಳವರ ರೀತಿಯೂ ಇದೇ. ಹಣ ವಾಪಸ್ ಪಡೆಯಲು ಯಾವತ್ತೂ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ತಿಳಿಯಿರಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಊರೂರಿನ ಅಸೆಂಬ್ಲಿ ಅಂಗಡಿಗಳಲ್ಲಿ ಹಳೆಯ ಯಂತ್ರಕ್ಕೆ ಮರುಜೀವ ಕೊಡುವ ಕುಶಲಿಗಳಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಲೈಸೆನ್ಸ್ ಇಲ್ಲದ ಕ್ರ್ಯಾಕ್ ವಿಂಡೋಸ್ ಮಾತ್ರ ಹಾಕಿಸಿಕೊಳ್ಳಬೇಡಿ. ಆ ಕ್ರ್ಯಾಕ್ ಓಡಬೇಕಾದರೆ ಸಾಮಾನ್ಯವಾಗಿ ಆಂಟಿವೈರಸ್ ಆಫ್ ಮಾಡಬೇಕು, ಜೊತೆಗೆ ಒಳಗೆ ಏನು ಬಂತೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಅವರ ಹತ್ತಿರ ಹೋದಾಗ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡಿಕೊಡಿ ಎಂದು ಕೇಳಿ. ಲಿನಕ್ಸ್ ಮಿಂಟ್ ಉಚಿತ, ಎರಡು ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, ನಾಲ್ಕಿದ್ದರೆ ಆರಾಮ. ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ, ಹೊಸ ಫೈರ್‌ಫಾಕ್ಸ್ ಇರುತ್ತದೆ, ಕನ್ನಡ ಟೈಪಿಂಗೂ ಇದೆ. ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಒಳಗಿನ ಕಡತಕ್ಕೆ ಏನೂ ಆಗದು. ಡಿಜಿಟಲ್ ಸಹಿಯ ಟೋಕನ್, ಕೆಲವು ಪ್ರಿಂಟರ್, ಹಳೆಯ ಡಿಟಿಪಿ ತಂತ್ರಾಂಶ ಅದರಲ್ಲಿ ತೊಂದರೆ ಕೊಡಬಹುದು. ಅಂಥ ಕೆಲಸವಿರುವವರು ಹಳೆಯ ವಿಂಡೋಸ್ ಯಂತ್ರದಿಂದ ಇಂಟರ್‌ನೆಟ್ ತೆಗೆದು, ಅದನ್ನು ಬರವಣಿಗೆಗೆ ಮಾತ್ರ ಇಟ್ಟುಕೊಳ್ಳಲಿ. ಇದೆಲ್ಲ ಬಲ್ಲ ಮಕ್ಕಳಿದ್ದರೆ, ಹಬ್ಬಕ್ಕೆ ಮನೆಗೆ ಬಂದಾಗ ಅವರು ಅರ್ಧ ದಿನ ಇದಕ್ಕೆ ಕೊಡಲಿ.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ ಮೊದಲ ಕರೆ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ನಡುವೆಯೇ ಅದನ್ನು ತಡೆಹಿಡಿಯಲು ಮಾಡಿದ ಸಹಾಯವಾಣಿ ಅದು, ತಡವಾದಷ್ಟೂ ಹಣ ದೂರ ಹೋಗುತ್ತದೆ. ಲಿಖಿತ ದೂರಿಗೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ ಇದೆ, ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಗಳಿವೆ. ವಸ್ತು ಬಂದಿಲ್ಲ, ಒಡೆದಿದೆ ಎಂಬಂಥ ಅಂಗಡಿಯ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಯಾವ ನಷ್ಟವೂ ಬೀಳದು. ಓಟಿಪಿಯನ್ನೋ ಪಿನ್ನನ್ನೋ ನೀವೇ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಗಳಿಗೆಯ ನಂತರ ಆಗುವ ನಷ್ಟ ಬ್ಯಾಂಕಿನದು. ಮಕ್ಕಳು ಬೈದಾರು, ಅಕ್ಕಪಕ್ಕದವರು ನಕ್ಕಾರು ಎಂದು ಹಿರಿಯರು ಎರಡು ದಿನ ಸುಮ್ಮನಿದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾರಿಗೆ ಹೇಳುವುದೆಂದು ಯೋಚಿಸುವ ಮೊದಲು 1930 ಒತ್ತಿ.